ಹೊಳೆಯ ನಡುವಿನ ಮಗಳ ಮನೆ

ದ್ವೀಪವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ನೀಲಿ ಸಮುದ್ರ, ಬೆಳ್ಳನೆಯ ಮರಳು, ಸಾಲು ತೆಂಗಿನ ಮರ. ಅಂಡಮಾನ್, ಲಕ್ಷದ್ವೀಪ, ಸಿಂಗಪುರಗಳ ಚಿತ್ರವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿ ಬಲ್ಲವರಿಗೆ, ಬಿಸಿಲಿಗೇ ಹೆಸರಾದ ರಾಯಚೂರು ಜಿಲ್ಲೆಯಲ್ಲಿಯೂ ದ್ವೀಪಗಳುಂಟು ಎಂದರೆ ನಗು ಬಂದೀತು. ಭೂಗೋಳದ ಲೆಕ್ಕದಲ್ಲಿ ರಾಯಚೂರು ಉಷ್ಣವಲಯಕ್ಕೆ ಸೇರಿದ್ದೇ ಸರಿ. ಅದಕ್ಕೆ ಸಾಕ್ಷಿ ಬೇಕಾದವರು ಮೇ ತಿಂಗಳಲ್ಲೊಮ್ಮೆ ಬಂದು ನೋಡಬಹುದು. ಸಮುದ್ರ ಮಾತ್ರ ನಮಗಿಲ್ಲ. ಅದರ ಬದಲು ಕೃಷ್ಣೆಯಿದ್ದಾಳೆ. ಮಹಾಬಲೇಶ್ವರದ ಬೆಟ್ಟದಲ್ಲಿ ಹುಟ್ಟಿ ಸುಮಾರು 1400 ಕಿಲೋಮೀಟರು ಹರಿಯುವ ಈ ಮಹಾನದಿ ನಮ್ಮ ಜಿಲ್ಲೆಯ ಉತ್ತರದ ಅಂಚಿನಲ್ಲಿ ಅಲ್ಲಲ್ಲಿ ಕವಲೊಡೆದು ಮತ್ತೆ ಕೂಡಿಕೊಳ್ಳುತ್ತಾಳೆ. ಆ ಕವಲುಗಳ ನಡುವೆ ಉಳಿದ ನೆಲದಲ್ಲಿ ಊರುಗಳಿವೆ, ಹೊಲಗಳಿವೆ, ಗುಡಿಗಳಿವೆ, ಮಕ್ಕಳಿದ್ದಾರೆ.

ಅಂತಹ ಒಂದು ಊರಿಗೆ ನನ್ನ ಅಕ್ಕನನ್ನು 2004ರಲ್ಲಿ ಕೊಟ್ಟಿದ್ದೇವೆ. ನಮ್ಮ ಊರು ಬಾಗಲವಾಡ; ಮಾನ್ವಿ ಸೀಮೆಯ ಕಪ್ಪು ನೆಲದ ಊರು. ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರುವ ಈ ನಾಡನ್ನು ಹಳೆಯ ಶಾಸನಗಳು ‘ಎಡೆದೊರೆ’ ಎಂದು ಕರೆದಿವೆ. ದೊರೆ ಎಂದರೆ ಹೊಳೆ. ಎರಡು ಹೊಳೆಗಳ ಎಡೆಯ ನಾಡು. ಹೆಸರೇನೋ ನೀರಿನದು. ಆದರೆ ನಮ್ಮ ಹಿರಿಯರು ಕಂಡದ್ದು ಜೋಳ, ಹತ್ತಿ, ತೊಗರಿ ಮತ್ತು ಮುಗಿಲಿನ ಕಡೆ ನೆಟ್ಟ ಕಣ್ಣು. ತಮ್ಮ ಮಗಳಿಗೆ ನೀರಿನ ಬರವಿರಬಾರದು ಎಂದು ನಮ್ಮ ತಂದೆ ಹೊಳೆಯ ನಡುವಿನ ಊರಿನ ಸಂಬಂಧಕ್ಕೆ ಒಪ್ಪಿದರು. ಅಕ್ಕನಿಗೆ ನೀರಿನ ಬರ ಬರಲಿಲ್ಲ ಎಂಬುದು ನಿಜ.

ಅಕ್ಕನ ಊರು ರಾಯಚೂರು ತಾಲ್ಲೂಕಿನ ಕುರ್ವಕಲಾ. ಅದರ ನೆರೆಯಲ್ಲಿಯೇ ಕುರ್ವಕುರ್ದ ಎಂಬ ಇನ್ನೊಂದು ನಡುಗಡ್ಡೆ. ಈ ಹೆಸರುಗಳನ್ನು ಮೊದಲು ಕೇಳಿದಾಗ ನನಗೆ ಅರ್ಥವಾಗಿರಲಿಲ್ಲ. ‘ಕುರುವ’ ಎಂದರೆ ಹಳೆಯ ಕನ್ನಡದಲ್ಲಿ ನದಿಯ ನಡುವಿನ ದ್ವೀಪ. ‘ಕಲಾನ್’, ‘ಖುರ್ದ್’ ಎಂಬವು ಕಂದಾಯದ ಕಾಗದಗಳ ಫಾರಸಿ ಶಬ್ದಗಳು. ದೊಡ್ಡದು, ಚಿಕ್ಕದು ಎಂದು ಅವುಗಳ ಅರ್ಥ. ನಮ್ಮ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದು, 1956ರಲ್ಲಿ ಕನ್ನಡ ನಾಡಿನೊಡನೆ ಕೂಡಿಕೊಂಡಿತು. ಹೀಗೆ ಅರ್ಧ ಹಳಗನ್ನಡ, ಅರ್ಧ ಫಾರಸಿಯಾದ ಈ ಹೆಸರುಗಳು ದೊಡ್ಡ ದ್ವೀಪ, ಚಿಕ್ಕ ದ್ವೀಪ ಎಂಬ ಸರಳವಾದ ಮಾತನ್ನೇ ಹೇಳುತ್ತವೆ. ಜನರ ಬಾಯಲ್ಲಿ ದ್ವೀಪಕ್ಕೆ ‘ಗಡ್ಡಿ’ ಎಂದು ಹೆಸರು. ನಾರದಗಡ್ಡಿ, ಕುರುಗಡ್ಡಿ, ಲಿಂಗಸುಗೂರಿನ ಕಡೆಗೆ ಕಡದರಗಡ್ಡಿ, ಮ್ಯಾದರಗಡ್ಡಿ, ಕರಕಲಗಡ್ಡಿ. ಹೀಗೆ ಹೊಳೆಯುದ್ದಕ್ಕೂ ಗಡ್ಡಿಗಳ ಸರಮಾಲೆಯೇ ಇದೆ.

ಪ್ರತಿ ವರ್ಷ ಬೇಸಿಗೆಯ ರಜೆಗೆ ಅಕ್ಕ ತನ್ನ ಇಬ್ಬರು ಮಕ್ಕಳೊಡನೆ ಬಾಗಲವಾಡಕ್ಕೆ ಬರುತ್ತಿದ್ದಳು. ರಜೆಯೆಂದರೆ ಮಕ್ಕಳು ಅಜ್ಜನ ಮನೆಗೆ ಹೋಗುವುದು ಲೋಕರೂಢಿಯಷ್ಟೆ. 2018ರಲ್ಲಿ ಈ ರೂಢಿ ತಿರುಗುಮುರುಗಾಯಿತು. ಅಕ್ಕನ ಅತ್ತೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅವರನ್ನು ಬಿಟ್ಟು ಬರುವಂತಿಲ್ಲವೆಂದು ಅಕ್ಕ ಹೇಳಿಕಳಿಸಿದಳು. “ಮಕ್ಕಳು ಬರದಿದ್ರ ನಾವೇ ಹೋಗೂಣು” ಎಂದರು ಅವ್ವ. ಅಪ್ಪನಿಗೆ ಸಂಕೋಚ. “ಬೀಗರ ಮನ್ಯಾಗ ಎಂಟು ದಿನ ಕುಂದ್ರೋದು ಚಂದಲ್ಲ” ಎಂದರು. ಆದರೂ ಅವರ ಮನಸ್ಸಿನಲ್ಲಿ ಇನ್ನೊಂದು ಯೋಚನೆಯಿತ್ತು. ಹಿರಿಯ ಮೊಮ್ಮಗಳು ಏಳನೆಯ ತರಗತಿ ಮುಗಿಸಿದ್ದಳು. ಊರಿನ ಶಾಲೆಯ ಓದು ಅಲ್ಲಿಗೆ ಮುಗಿದಂತೆ. ಮುಂದಿನ ಓದಿಗೆ ಹೊಳೆ ದಾಟಬೇಕು. ಜೂನ್ ಕಳೆದು ನೀರು ಬಂದರೆ ದಾಟುವುದೇ ಕಷ್ಟ. ಹುಡುಗಿಯನ್ನು ಬಾಗಲವಾಡಕ್ಕೆ ಕರೆತಂದು ಓದಿಸಬೇಕೆಂಬುದು ಅಪ್ಪನ ಇಚ್ಛೆ. ಈ ಮಾತನ್ನು ಬೀಗರ ಮುಂದೆ ಆಡುವುದಕ್ಕೆ ಜೊತೆಗೊಬ್ಬರು ಬೇಕೆಂದು ನನ್ನನ್ನೂ ಹೊರಡಿಸಿದರು.

ಚುನಾವಣೆಯ ಗದ್ದಲ ಆಗತಾನೆ ಮುಗಿದ ಮೇ ತಿಂಗಳ ನಡುವಿನ ದಿನಗಳು. ಬೆಳಗಿನ ಜಾವದಲ್ಲಿಯೇ ಹೊರಟು, ಕವಿತಾಳ, ಸಿರವಾರ, ಕಲ್ಲೂರುಗಳನ್ನು ದಾಟಿ ರಾಯಚೂರು ಸೇರುವಷ್ಟರಲ್ಲಿ ಬಸ್ಸಿನ ಕಿಟಕಿಯ ಸರಳು ಮುಟ್ಟದಷ್ಟು ಕಾದಿತ್ತು. ಅವ್ವನ ಗಂಟುಗಳು ಮೂರು. ಒಂದರಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳಿನ ಪುಡಿ. ಎರಡನೆಯದರಲ್ಲಿ ಹೊಲದ ತೊಗರಿಬೇಳೆ. ಮೂರನೆಯದನ್ನು ಅವರು ಯಾರ ಕೈಗೂ ಕೊಡಲಿಲ್ಲ. ಅದರಲ್ಲಿ ಹುಡುಗಿಗೆ ಹೊಲಿಸಿದ ಶಾಲೆಯ ಸಮವಸ್ತ್ರವಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಅಂದರೆ ನಿರ್ಣಯವನ್ನು ಅವ್ವ ಮನೆಯಲ್ಲಿಯೇ ಮಾಡಿ ಮುಗಿಸಿದ್ದರು!

ರಾಯಚೂರಿನಿಂದ ಇನ್ನೊಂದು ವಾಹನ ಹಿಡಿದು ಹೊಳೆಯ ದಂಡೆಗೆ ಬಂದೆವು. ಮೇ ತಿಂಗಳಿನಲ್ಲಿ ಕೃಷ್ಣೆ ಸೊರಗಿರುತ್ತಾಳೆಂದು ಎಣಿಸಿದ್ದ ನನಗೆ ಅಷ್ಟು ನೀರು ಕಂಡು ಆಶ್ಚರ್ಯವಾಯಿತು. ಕೆಳಗೆ ತೆಲಂಗಾಣದ ಜೂರಾಲದಲ್ಲಿ ಅಣೆಕಟ್ಟಾದ ಮೇಲೆ ಅದರ ಹಿನ್ನೀರು ಇಲ್ಲಿಯವರೆಗೆ ನಿಲ್ಲುತ್ತದೆಂದು ಭಾವ ವಿವರಿಸಿದರು. ನೀರಿನ ನಡುವೆ ಸೇತುವೆಯ ಕಂಬಗಳು ಎದ್ದು ನಿಂತಿದ್ದವು. ಅವುಗಳ ಮೇಲೆ ದಾರಿ ಮಾತ್ರ ಇರಲಿಲ್ಲ. ಕಂಬದ ತುದಿಯಲ್ಲಿ ಬೆಳ್ಳಕ್ಕಿಗಳು ಕುಳಿತಿದ್ದವು. “ಹಕ್ಕಿಗಳಿಗಂತೂ ಅನುಕೂಲ ಆಗ್ಯಾದ” ಎಂದು ಭಾವ ನಕ್ಕರು. ಆ ನಗೆಯಲ್ಲಿ ಎಷ್ಟೋ ವರ್ಷದ ಅಭ್ಯಾಸವಿತ್ತು.

ದಾಟುವುದಕ್ಕೆ ಇದ್ದದ್ದು ತೆಪ್ಪ. ಬಿದಿರಿನ ಸೀಳುಗಳಿಂದ ಹೆಣೆದ ದುಂಡನೆಯ ದೊಡ್ಡ ಬುಟ್ಟಿ. ನೀರು ಹೊಗದಂತೆ ಹೊರಗೆ ಪ್ಲಾಸ್ಟಿಕ್ ಹಾಳೆ, ಡಾಂಬರು. ಗ್ರಂಥಗಳು ಇದನ್ನು ಹರಿಗೋಲು ಎನ್ನುತ್ತವೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಆನೆಗೊಂದಿಯ ಬಳಿ ಜನ ಬುಟ್ಟಿಯಂತಹ ದುಂಡು ದೋಣಿಗಳಲ್ಲಿ ತುಂಗಭದ್ರೆಯನ್ನು ದಾಟುತ್ತಿದ್ದರೆಂದು ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನ ಹಿಡಿಸುತ್ತಿದ್ದರಂತೆ. ಐನೂರು ವರ್ಷಗಳಲ್ಲಿ ಚರ್ಮ ಹೋಗಿ ಪ್ಲಾಸ್ಟಿಕ್ ಬಂದಿದೆ. ಉಳಿದದ್ದೆಲ್ಲ ಹಾಗೆಯೇ ಇದೆ. ಅದೇ ರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ರಾಯಚೂರಿಗಾಗಿ ಯುದ್ಧವಾದದ್ದು 1520ರ ಇಂತಹದೇ ಒಂದು ಮೇ ತಿಂಗಳಿನಲ್ಲಿ. ಸೋತು ಓಡಿದ ಸೈನಿಕರಲ್ಲಿ ಅನೇಕರು ಇದೇ ಹೊಳೆಯನ್ನು ದಾಟಲಾರದೆ ಮುಳುಗಿದರೆಂದು ಚರಿತ್ರೆ ಹೇಳುತ್ತದೆ. ಈ ಸಂಗತಿಯನ್ನು ನಾನು ಆ ಹೊತ್ತಿನಲ್ಲಿ ಅವ್ವನಿಗೆ ಹೇಳಲಿಲ್ಲ.

ತೆಪ್ಪದಲ್ಲಿ ನಮ್ಮೊಡನೆ ಎರಡು ಗೊಬ್ಬರದ ಚೀಲ, ಒಂದು ಮೋಟಾರ್ ಸೈಕಲ್ಲು, ಒಂದು ಆಡು. ಯಾರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ಈ ಹೊಳೆಯಲ್ಲಿ ಮೊಸಳೆಗಳೂ ಇವೆ. “ನಡುವ ಕುಂದರ್ರಿ ಅತ್ತೀ, ಅಂಚು ಹಿಡೀಬ್ಯಾಡ್ರಿ” ಎಂದು ಭಾವ ಎಚ್ಚರಿಸಿದರು. ನಮ್ಮನ್ನು ಕರೆದೊಯ್ಯಲು ಬಂದಿದ್ದ ಮೊಮ್ಮಗಳು ಅವ್ವನ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡಳು. ನಮ್ಮ ಕಡೆ ಅಜ್ಜಿಯನ್ನು ಅಮ್ಮ ಎಂದೂ ಅಜ್ಜನನ್ನು ಮುತ್ಯಾ ಎಂದೂ ಕರೆಯುವುದು ರೂಢಿ. “ಅಮ್ಮಾ, ನೀರು ನೋಡಬ್ಯಾಡ. ಆ ದಂಡಿ ನೋಡು, ಅಂಜಿಕಿ ಆಗಂಗಿಲ್ಲ” ಎಂದಳು. ಅವ್ವ ದಂಡೆಯನ್ನೂ ನೋಡಲಿಲ್ಲ, ನೀರನ್ನೂ ನೋಡಲಿಲ್ಲ. ಕಣ್ಣು ಮುಚ್ಚಿಯೇ ಕುಳಿತಿದ್ದರು. ಆಚೆ ಇಳಿದ ಮೇಲೆ ಒಂದೇ ಮಾತು ಕೇಳಿದರು: “ಹದಿನಾಲ್ಕು ವರ್ಷ ನನ್ನ ಮಗಳು ಇದರಾಗ ಅಡ್ಡಾಡ್ಯಾಳೇನು?” ಯಾರೂ ಉತ್ತರ ಕೊಡಲಿಲ್ಲ.

ದ್ವೀಪದ ಮೇಲೆ ಕಾಲಿಟ್ಟವರಿಗೆ ಅದು ದ್ವೀಪವೆಂದು ತೋರುವುದೇ ಇಲ್ಲ. ಎಲ್ಲ ಊರಿನಂತೆಯೇ ಅದೂ ಒಂದು ಊರು. ಮನೆಯ ಮುಂದೆ ಬೇವಿನ ಮರ, ಕಟ್ಟೆಯ ಮೇಲೆ ಹರಟುವ ಹಿರಿಯರು, ಪಂಪು ಹಾಕಿ ಬೆಳೆದ ಬತ್ತದ ಗದ್ದೆ, ಒಣಗಿಸಲು ಹರಡಿದ ಮೀನಿನ ಬಲೆ. ಬೆಳಗಿನ ತಂಪಿನಲ್ಲಿ ಗದ್ದೆಯ ಬದುವಿನ ಮೇಲೆ ನಡೆದಾಗ ಬಿಸಿಲ ನಾಡಿನಿಂದ ಬಂದ ಅಪ್ಪನ ಮುಖ ಅರಳಿತು. ಹಿಡಿ ಮಣ್ಣು ತೆಗೆದು ಮೂಸಿ, “ಬಂಗಾರದಂಥ ನೆಲ” ಎಂದರು. ಭಾವ ತಲೆಯಾಡಿಸಿದರು. “ನೆಲ ಬಂಗಾರ ಖರೆ, ಮಾವಾ. ಗೊಬ್ಬರ ತರುವಾಗ ಹೊಳಿಗೆ ಒಮ್ಮೆ ಸುಂಕ, ನೆಲ್ಲು ಒಯ್ಯುವಾಗ ಇನ್ನೊಮ್ಮೆ ಸುಂಕ” ಎಂದರು. ಉಪ್ಪು, ಸೀಮೆಂಟು, ಗ್ಯಾಸಿನ ಸಿಲಿಂಡರು, ಮದುವೆಯ ದಿಬ್ಬಣ, ಬಸುರಿ ಹೆಂಗಸು, ಎಲ್ಲವೂ ಆ ಬುಟ್ಟಿಯಲ್ಲಿಯೇ ಬರಬೇಕು, ಹೋಗಬೇಕು. ಮೇಲಿನ ನಾರಾಯಣಪುರ ಜಲಾಶಯದ ಬಾಗಿಲು ತೆರೆದರೆ ಅದೂ ನಿಂತುಹೋಗುತ್ತದೆ. ಇದೇ ಹೊಳೆಯ ಮೇಲ್ದಂಡೆಯ ಶಕ್ತಿನಗರದಲ್ಲಿ 1985ರಿಂದ ಉಷ್ಣ ವಿದ್ಯುತ್ತು ತಯಾರಾಗಿ ನಾಡಿಗೆಲ್ಲ ಹೋಗುತ್ತದೆ. ಮಳೆಗಾಲ ಬಂತೆಂದರೆ ಅಕ್ಕನ ಮನೆಯಲ್ಲಿ ಮೊದಲು ತೆಗೆದಿಡುವುದು ಕಂದೀಲನ್ನು.

ಮಕ್ಕಳ ಸಂತೋಷಕ್ಕೆ ಪಾರವಿರಲಿಲ್ಲ. ಅವರ ಪಾಲಿಗೆ ಅಜ್ಜನ ಮನೆಯೇ ಎದ್ದು ಬಂದಿತ್ತು. ಕಿರಿಯವನು ಮುತ್ಯಾನಿಗೆ ಗಾಳ ಹಾಕುವುದನ್ನು ಕಲಿಸಿದ. ಅಪ್ಪನ ಗಾಳಕ್ಕೆ ಎಂಟು ದಿನದಲ್ಲಿ ಒಂದು ಮೀನೂ ಬೀಳಲಿಲ್ಲ. ಆದರೂ ದಿನವೂ ಬೆಳಗ್ಗೆ ಟವೆಲು ತಲೆಗೆ ಸುತ್ತಿಕೊಂಡು ಮೊಮ್ಮಗನ ಹಿಂದೆ ಹೋಗುತ್ತಿದ್ದರು. ರಾತ್ರಿ ಎಲ್ಲರೂ ಮಾಳಿಗೆಯ ಮೇಲೆ ಮಲಗುತ್ತಿದ್ದೆವು. ಆ ಕಡೆಯ ದಂಡೆ ತೆಲಂಗಾಣ, ಈ ಕಡೆಯದು ಕರ್ನಾಟಕ. ಎರಡೂ ಕಡೆಯ ದೀಪಗಳು ಕಾಣುತ್ತಿದ್ದವು. ಎರಡೂ ಹತ್ತಿರವೆಂದೇ ತೋರುತ್ತಿದ್ದವು.

ಅತ್ತೆಯವರ ಹಾಸಿಗೆ ನಡುಮನೆಯಲ್ಲಿತ್ತು. ಅವರಿಗೆ ನೀರು ಕುಡಿಸುವುದು, ಮಗ್ಗುಲು ಬದಲಿಸುವುದು, ತಲೆ ಬಾಚುವುದು, ಎಲ್ಲವೂ ಮೊಮ್ಮಗಳ ಕೆಲಸ. ಅಕ್ಕ ಗದ್ದೆಗೆ ಹೋದಾಗ ಮನೆಯ ಯಜಮಾನಿಯೇ ಆ ಹುಡುಗಿ. ಇದನ್ನು ನೋಡನೋಡುತ್ತ ಅಪ್ಪನ ಮಾತು ಗಂಟಲಿನಲ್ಲಿಯೇ ಉಳಿಯಿತು. ಎರಡನೆಯ ದಿನವೇ ಅತ್ತೆಯವರು, “ಕೂಸನ್ನ ಕರಕೊಂಡು ಹೋಗಾಕ ಬಂದೀರಿ, ನನಗ ಗೊತ್ತೈತಿ ಬೀಗರ. ನನಗ ನೀರು ಕೊಡೋ ಕೈ ಅದು” ಎಂದುಬಿಟ್ಟರು. ಅಪ್ಪ ತಲೆ ತಗ್ಗಿಸಿದರು. ಅಕ್ಕ ಒಲೆಯ ಮುಂದಿನಿಂದ ಏಳಲಿಲ್ಲ. ಅವಳಿಗೆ ಮಗಳು ಓದಬೇಕು. ಮಗಳಿಲ್ಲದೆ ಮನೆ ನಡೆಯದು. ಎರಡನ್ನೂ ಒಂದೇ ಬಾಯಿಂದ ಹೇಳುವುದು ಅವಳಿಂದಾಗಲಿಲ್ಲ. ಹುಡುಗಿಯನ್ನು ಯಾರೂ ಕೇಳಲಿಲ್ಲ. ನಾನೇ ಒಂದು ಸಂಜೆ ಕೇಳಿದೆ. “ಸಾಲಿಗೆ ಹೋಗಬೇಕು ಮಾಮಾ. ಆದರ ಆಯಿಗೆ ನೀರು ಕೊಡೋರು ಯಾರು?” ಎಂದಳು.

ಐದನೆಯ ದಿನ ನಾವೆಲ್ಲ ತೆಪ್ಪದಲ್ಲಿ ಕುರುವಪುರಕ್ಕೆ ಹೋದೆವು. ಕುರುಗಡ್ಡಿಯೆಂದು ಹತ್ತಿರದವರು ಕರೆಯುವ ಈ ದ್ವೀಪ ದತ್ತಭಕ್ತರಿಗೆ ಪರಮಪವಿತ್ರ. ಪೀಠಾಪುರದಲ್ಲಿ ಹುಟ್ಟಿದ ಶ್ರೀಪಾದ ಶ್ರೀವಲ್ಲಭರು ದತ್ತಾತ್ರೇಯನ ಅವತಾರವೆಂದೂ, ಇಲ್ಲಿ ನೆಲೆಸಿ ತಪಸ್ಸು ಮಾಡಿ ಇಲ್ಲಿಯೇ ಅದೃಶ್ಯರಾದರೆಂದೂ ನಂಬಿಕೆ. ಸರಸ್ವತಿ ಗಂಗಾಧರನು ಮರಾಠಿಯಲ್ಲಿ ಬರೆದ ‘ಗುರುಚರಿತ್ರೆ’ಯಿಂದಾಗಿ ಈ ಪುಟ್ಟ ನಡುಗಡ್ಡೆಯ ಹೆಸರು ಮಹಾರಾಷ್ಟ್ರದ ಮನೆಮನೆಗೂ ಗೊತ್ತು. ಟೆಂಬೆ ಸ್ವಾಮಿಗಳೆಂದು ಪ್ರಸಿದ್ಧರಾದ ವಾಸುದೇವಾನಂದ ಸರಸ್ವತಿಗಳೂ ಇಲ್ಲಿ ಬಂದು ತಂಗಿದ್ದರು. ಗುಡಿ ಸಾದಾ ಗುಡಿ. ಹಳೆಯ ಆಲದ ಮರದ ನೆರಳು, ಕೆಳಗೆ ಹೊಳೆಯ ಸದ್ದು. ಮನಸ್ಸು ತಾನಾಗಿಯೇ ಶಾಂತವಾಗುತ್ತದೆ.

ನೆರಳಿನಲ್ಲಿ ಕುಳಿತು ನಾನು ಗುರುಚರಿತ್ರೆಯ ಒಂದು ಕಥೆಯನ್ನು ಅವ್ವನಿಗೆ ಹೇಳಿದೆ. ಒಬ್ಬ ಬಡ ವಿಧವೆಗೆ ಒಬ್ಬನೇ ಮಗ. ಅವನಿಗೆ ವಿದ್ಯೆ ಹತ್ತಲಿಲ್ಲ. ಊರವರ ನಿಂದೆ ತಾಳದೆ ತಾಯಿ ಮಗ ಇಬ್ಬರೂ ಕೃಷ್ಣೆಯಲ್ಲಿ ಮುಳುಗಿ ಸಾಯಬೇಕೆಂದು ಇದೇ ಕುರುವಪುರದ ದಂಡೆಗೆ ಬಂದರು. ಸ್ನಾನಕ್ಕೆ ಬಂದಿದ್ದ ಶ್ರೀಪಾದರು ಅವರನ್ನು ತಡೆದು, ತಾಯಿಗೆ ಶನಿಪ್ರದೋಷದ ವ್ರತವನ್ನು ಉಪದೇಶಿಸಿ, ಹುಡುಗನ ತಲೆಯ ಮೇಲೆ ಕೈಯಿಟ್ಟರಂತೆ. ಅವನು ದೊಡ್ಡ ವಿದ್ವಾಂಸನಾದ. ಅವ್ವ ಕಥೆಯನ್ನು ಪೂರ್ತಿಯಾಗಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಿನ ಕಾಲದಾಗೂ ಇದೇ ಹೊಳಿ, ಇದೇ ಚಿಂತಿ” ಎಂದರು.

ಮನೆಗೆ ಮರಳಿದಾಗ ಅವ್ವ ನೇರವಾಗಿ ಬೀಗಿತಿಯ ಹಾಸಿಗೆಯ ಬಳಿ ಹೋಗಿ ಕುಳಿತು ಪ್ರಸಾದ ಕೊಟ್ಟರು. ಓದಿನ ಮಾತನ್ನು ಎತ್ತಲಿಲ್ಲ. ತಾವೇ ನೀರು ಕುಡಿಸಿದರು, ತಲೆ ಬಾಚಿದರು. ಮರುದಿನವೂ ಹಾಗೆಯೇ ಮಾಡಿದರು. ಇಬ್ಬರು ಮುದುಕಿಯರೂ ಮಧ್ಯಾಹ್ನವಿಡೀ ಹಳೆಯ ಮಾತುಗಳನ್ನು ಆಡುತ್ತಿದ್ದರು. ಅವುಗಳಲ್ಲಿ ಒಂದು ಮಾತು ನಮ್ಮೆಲ್ಲರಿಗೂ ಗೊತ್ತಿದ್ದದ್ದೇ. ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಹೋಗಬೇಕು. 2005ರಲ್ಲಿ ಅಕ್ಕನನ್ನು ಬಾಗಲವಾಡಕ್ಕೆ ಕರೆತರಲು ನಾವು ದಿನ ಗೊತ್ತುಮಾಡಿದ್ದೆವು. ಆ ಮಳೆಗಾಲದಲ್ಲಿ ಮೇಲೆ ಮಹಾರಾಷ್ಟ್ರದಲ್ಲಿ ವಿಪರೀತ ಮಳೆಯಾಗಿ ಹೊಳೆ ಏಕಾಏಕಿ ಏರಿತು. ಈ ದಂಡೆಯಲ್ಲಿ ಅವ್ವ, ಆ ದಂಡೆಯಲ್ಲಿ ಅಕ್ಕ. ಅತ್ತೆಯವರೇ ಸೂಲಗಿತ್ತಿಯಾಗಿ ಮಗುವನ್ನು ಎತ್ತಿಕೊಂಡರು. ಅವ್ವ ಮೊಮ್ಮಗಳ ಮುಖ ನೋಡಿದ್ದು ಎಷ್ಟೋ ವಾರಗಳ ಮೇಲೆ.

ಏಳನೆಯ ದಿನ ರಾತ್ರಿ ಊಟವಾದ ಮೇಲೆ ಅತ್ತೆಯವರು ಎಲ್ಲರನ್ನೂ ಕರೆದರು. “ಅವತ್ತು ನಿಮ್ಮ ಮನ್ಯಾಗ ಹುಟ್ಟಬೇಕಾದ ಕೂಸು ಇದು. ಹೊಳಿ ಬಿಡಲಿಲ್ಲ. ಈಗ ಹೊಳಿ ಇಳದೈತಿ, ಕರಕೊಂಡು ಹೋಗ್ರಿ. ನನ್ನ ನೀರು ನಾನು ಹ್ಯಾಂಗರೆ ಕುಡೀತೀನಿ” ಎಂದರು. ಅಪ್ಪ ಏನೋ ಹೇಳಲು ಹೋಗಿ ಹೇಳಲಾರದೆ ಹೊರಗೆದ್ದು ಹೋದರು. ಅವ್ವ ಮೂರನೆಯ ಗಂಟನ್ನು ಬಿಚ್ಚಿದ್ದು ಆಗಲೇ. ಸಮವಸ್ತ್ರವನ್ನು ಮೊದಲು ಅತ್ತೆಯವರ ಕೈಗೆ ಕೊಟ್ಟರು. ಅವರು ಅದನ್ನು ದೀಪಕ್ಕೆ ಹಿಡಿದು, ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿ, “ಉದ್ದ ಸ್ವಲ್ಪ ಬಿಡಬೇಕಿತ್ತು, ಬೆಳಿಯೋ ಹುಡುಗಿ” ಎಂದರು.

ಮರುದಿನ ಬೆಳಗ್ಗೆ ಹೊರಟೆವು. ಅಕ್ಕ ನೀರಿನ ತನಕ ಬಂದಳು. ತೆಪ್ಪ ಹುಟ್ಟುವವನ ಕೈಯಿಂದ ಹುಟ್ಟನ್ನು ತೆಗೆದುಕೊಂಡು ಹುಡುಗಿ ತಾನೇ ಸ್ವಲ್ಪ ದೂರ ನಡೆಸಿದಳು. ದುಂಡು ತೆಪ್ಪವನ್ನು ತಿರುಗದಂತೆ ನಡೆಸುವುದು ಸುಲಭವಲ್ಲ. ಅವಳ ಕೈಯಲ್ಲಿ ಅದು ನೆಟ್ಟಗೆ ಹೋಯಿತು. ಅವ್ವ ಈ ಸಲ ಕಣ್ಣು ಮುಚ್ಚಲಿಲ್ಲ. ಬಿಟ್ಟು ಬಂದ ದಂಡೆಯನ್ನೇ ನೋಡುತ್ತಿದ್ದರು.

ಮರುವರ್ಷ, 2019ರ ಆಗಸ್ಟಿನಲ್ಲಿ, ಕೃಷ್ಣೆಗೆ ಮಹಾಪೂರ ಬಂತು. ನಾರಾಯಣಪುರದಿಂದ ಸುಮಾರು 6 ಲಕ್ಷ ಕ್ಯೂಸೆಕ್ಸ್ ನೀರು ಬಿಟ್ಟರು. ದೇವದುರ್ಗ ತಾಲ್ಲೂಕಿನಲ್ಲಿ ನೀರಿನಲ್ಲಿ ಮುಳುಗಿದ್ದ ಸೇತುವೆಯ ಮೇಲೆ ಒಬ್ಬ ಶಾಲೆಯ ಹುಡುಗ ಮುಂದೆ ಓಡುತ್ತ ಆಂಬುಲೆನ್ಸಿಗೆ ದಾರಿ ತೋರಿಸಿದ ಸಂಗತಿಯನ್ನು ಪತ್ರಿಕೆಗಳಲ್ಲಿ ಓದಿದವರಿಗೆ ನೆನಪಿರಬಹುದು. ಅದೇ ದಿನಗಳಲ್ಲಿ ಅಕ್ಕನ ಊರಿನ ವಿದ್ಯುತ್ತು ಹೋಗಿ, ಫೋನು ಸತ್ತು, ಮೂರು ದಿನ ಸುದ್ದಿಯಿರಲಿಲ್ಲ. ಬಾಗಲವಾಡದಲ್ಲಿ ಹುಡುಗಿ ಆ ಮೂರು ದಿನವೂ ಶಾಲೆಗೆ ಹೋಗಿ ಬಂದಳು. ಊಟಕ್ಕೆ ಮಾತ್ರ ಕೂರಲಿಲ್ಲ. ನಾಲ್ಕನೆಯ ದಿನ ಭಾವನ ದನಿ ಕೇಳಿತು. ಗದ್ದೆ ಹೋಗಿತ್ತು, ಪಂಪು ಹೋಗಿತ್ತು, ಮನುಷ್ಯರು ಉಳಿದಿದ್ದರು. ಅದರ ಮರುವರ್ಷದ ಆಗಸ್ಟಿನಲ್ಲಿ ಹೊಳೆಯ ಇದೇ ಭಾಗದಲ್ಲಿ ತೆಪ್ಪ ಮಗುಚಿ ಹೆಂಗಸರು ನೀರುಪಾಲಾದರು. ಅವರಲ್ಲಿ ನಮ್ಮವರಿರಲಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದಕ್ಕೂ ನಮಗೆ ನಾಚಿಕೆಯಾಯಿತು.

ಅತ್ತೆಯವರು ಈಗಿಲ್ಲ. ಆ ಹುಡುಗಿ ಹೈಸ್ಕೂಲು ಮುಗಿಸಿ, ಪದವಿಯ ತರಗತಿಗೂ ಸೇರಿದಳು. ರಜೆ ಬಂದರೆ ಅವಳು ಹೊಳೆ ದಾಟಿ ತಾಯಿಯ ಮನೆಗೆ ಹೋಗುತ್ತಾಳೆ. ಅವಳ ಹಿಂದೆ ಅಪ್ಪ ಅವ್ವನೂ ಗಂಟು ಕಟ್ಟಿಕೊಂಡು ಹೊರಡುತ್ತಾರೆ. ಬೀಗರ ಮನೆಯಲ್ಲಿ ಎಂಟು ದಿನ ಕೂರುವುದು ಚಂದವಲ್ಲವೆಂಬ ಮಾತನ್ನು ಅಪ್ಪ ಮತ್ತೆ ಆಡಿಲ್ಲ. ಮೊದಲು ಅವರು ದಿನಪತ್ರಿಕೆ ಬಂದೊಡನೆ ರಾಯಚೂರು ಪೇಟೆಯ ಹತ್ತಿಯ ಧಾರಣೆಯನ್ನು ನೋಡುತ್ತಿದ್ದರು. ಈಗ ಮಳೆಗಾಲವಿಡೀ ಮೊದಲು ನೋಡುವುದು ನಾರಾಯಣಪುರದ ಹೊರಹರಿವು ಎಷ್ಟೆಂಬುದನ್ನು. ಅದನ್ನು ಗಟ್ಟಿಯಾಗಿ ಓದಿ ಅವ್ವನಿಗೆ ಹೇಳಿದ ಮೇಲೆಯೇ ಹತ್ತಿಯ ಧಾರಣೆ.